ಅಂಗಿ ಪಂಡಿತರು ದಯಮಾಡಿಸಿದ್ದಾರೆ

ಒಂದು ಅಂಗಿ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಹಿಂದೆಲ್ಲ ಜನ ಅದನ್ನು ತೊಟ್ಟು ನೋಡುತ್ತಿದ್ದರು. ಆ ಒರಟು ಪದ್ಧತಿ ಈಗ ಹೋಗಿದೆ. ಈಗ ಅಂಗಿಯನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಒಳಮೈ ಹೊರಗೆ ಮಾಡಿ, ಭೂತಗನ್ನಡಿ ಹಿಡಿದು, ಇಂಚಿಗೆ ಎಷ್ಟು ಹೊಲಿಗೆ ಬಿದ್ದಿದೆ ಎಂದು ಎಣಿಸುತ್ತಾರೆ. 20 ಬಂದರೆ ಪಂಡಿತರ ಮುಖ ಅರಳುತ್ತದೆ. 12 ಬಂದರೆ ಹೊಲಿದವನ ಪೂರ್ವೋತ್ತರದ ವಿಚಾರಣೆ ಶುರು. ತೊಟ್ಟವನ ಬೆನ್ನ ಮೇಲೆ ಆ ಅಂಗಿ ಗಾಳಿ ತುಂಬಿದ ಹಾಯಿಯಂತೆ ಉಬ್ಬಿದ್ದರೂ ಅಡ್ಡಿಯಿಲ್ಲ, ಲೆಕ್ಕ ಸರಿ ಬಂದರಾಯಿತು.

ಆಮೇಲೆ ಗುಂಡಿಯ ಸರದಿ. ಪ್ಲಾಸ್ಟಿಕ್ ಎಂದರೆ ಪಂಡಿತರಿಗೆ ಮೈಲಿಗೆ. ಕಡಲ ಚಿಪ್ಪಿನ ಗುಂಡಿಯೇ ಆಗಬೇಕು. ಅಸಲಿ ಚಿಪ್ಪು ಮುಟ್ಟಿದರೆ ತಣ್ಣಗಿರುತ್ತದೆ, ಹಲ್ಲಿಗೆ ತಾಗಿಸಿದರೆ ಟಕ್ಕೆನ್ನುತ್ತದೆ. ಇದು ನಿಜವೇ. ಹಾಗಾಗಿ ಗಂಭೀರ ಮುಖದ ದೊಡ್ಡ ಮನುಷ್ಯರು ಅಂಗಡಿಯ ನಟ್ಟನಡುವೆ ನಿಂತು ಅಂಗಿ ಕಚ್ಚುವ ದೃಶ್ಯ ನೋಡುವ ಭಾಗ್ಯ ನಮಗೆ ಒದಗಿದೆ. ಇದೇ ಚಿಪ್ಪು ಲಾಂಡ್ರಿಯ ಬಿಸಿ ಪ್ರೆಸ್ಸಿಗೆ ಸಿಕ್ಕಿದರೆ ಸೀಳುತ್ತದೆ, ಮೈಲಿಗೆಯ ಪ್ಲಾಸ್ಟಿಕ್ಕು ಮಾತ್ರ ಅಂಗಿ ಹರಿದ ಮೇಲೂ ಗಟ್ಟಿಯಾಗಿ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಅವರಿಗೆ ರಸಜ್ಞತೆ ಇಲ್ಲವೆಂದೇ ತೀರ್ಮಾನ.

ಪಂಡಿತರ ಪರಮ ಪೂಜ್ಯ ವಸ್ತು ನೂಲಿನ ಕೌಂಟು. 100, 140, 170, 200 ಎಂದು ಅಂಕಿ ಏರಿದಂತೆ ಅವರ ಹುಬ್ಬೂ ಏರುತ್ತದೆ. ಲೆಕ್ಕ ಸರಳವಾದದ್ದು. ಒಂದು ಪೌಂಡ್ ತೂಕದ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೆಯೋ ಅದೇ ಕೌಂಟು. 200 ಎಂದರೆ ಒಂದು ಪೌಂಡಿಗೆ 1,68,000 ಗಜ, ಅಂದರೆ 150 ಕಿಲೋಮೀಟರ್ ಮೀರಿದ ಎಳೆ. ಅಷ್ಟು ತೆಳುವಾದ ಎಳೆಯ ಬಟ್ಟೆ ರೇಷ್ಮೆಯನ್ನೂ ನಾಚಿಸುವಷ್ಟು ನುಣುಪು, ಒಪ್ಪೋಣ. ಕೂತು ಎದ್ದರೆ ಸಾಕು, ಸುಕ್ಕೋ ಸುಕ್ಕು. ಸವೆಯುವುದೂ ಬೇಗ. ಇನ್ನೊಂದು ತಮಾಷೆ ಇದೆ. ಒಳ್ಳೆಯ ಅಂಗಿ ಬಟ್ಟೆಯಲ್ಲಿ ಎರಡು ಎಳೆಗಳನ್ನು ಸೇರಿಸಿ ಹುರಿ ಮಾಡಿರುತ್ತಾರೆ. ಹಾಗೆ ಹುರಿ ಮಾಡಿದ 140ರ ನೂಲು ದಪ್ಪದಲ್ಲಿ 70ರ ಒಂಟಿ ಎಳೆಗೆ ಸಮ. ಎಂದಮೇಲೆ 80ರ ಒಂಟಿ ಎಳೆ ಅದಕ್ಕಿಂತ ತೆಳು! ಹುರಿ ಮಾಡಿದ್ದು ಬಾಳಿಕೆ ಬರುತ್ತದೆ ಎಂಬುದು ಬೇರೆ ಮಾತು. ಎಷ್ಟು ಎಳೆ ಎಂದು ಕೇಳದೆ ಕೌಂಟು ಕೇಳುವುದರಲ್ಲಿ ಅರ್ಥವೇ ಇಲ್ಲ. ಆದರೆ ಅಂಕಿಗೆ ಕೈಮುಗಿಯುವವರು ಅರ್ಥ ಕೇಳುವುದುಂಟೆ?

ಇನ್ನು ಭುಜದ ಪಟ್ಟಿ. ಅದು ಬೆನ್ನಿನ ನಡುವೆ ಎರಡು ತುಂಡಾಗಿ ಕೂಡಿರಬೇಕಂತೆ, ಒಂದೇ ತುಂಡಾದರೆ ಅಗ್ಗದ ಮಾಲು. ಎರಡು ತುಂಡು ಮಾಡಿದ್ದಕ್ಕೆ ಒಂದು ಕಾರಣವಿತ್ತು: ಬಹುತೇಕ ಎಲ್ಲರಿಗೂ ಒಂದು ಭುಜ ಇನ್ನೊಂದಕ್ಕಿಂತ ಕೊಂಚ ಇಳಿದಿರುತ್ತದೆ, ಎಡಬಲಗಳನ್ನು ಬೇರೆಬೇರೆ ಅಳತೆಗೆ ಕತ್ತರಿಸಲು ಅದರಿಂದ ಅನುಕೂಲ. ಪಂಡಿತರು ಇದನ್ನೊಂದು ಲಕ್ಷಣವೆಂದು ಬರೆದಿಟ್ಟರು. ಕಾರ್ಖಾನೆಗಳು ಓದಿಕೊಂಡವು. ಈಗ ಯಾರ ಭುಜವನ್ನೂ ನೋಡದೆ ಸಾವಿರಗಟ್ಟಲೆ ಹೊಲಿಯುವ ಸಿದ್ಧ ಅಂಗಿಯ ಬೆನ್ನಿಗೂ ನಡುವೆ ಒಂದು ಹೊಲಿಗೆ, ಎರಡೂ ಕಡೆ ಕರಾರುವಾಕ್ಕಾಗಿ ಒಂದೇ ಅಳತೆ. ಪಕ್ಕದ ಹೊಲಿಗೆ ಮುಗಿಯುವ ಕಡೆ ಅಂಚಿನಲ್ಲಿ ಕೂರಿಸುವ ತ್ರಿಕೋನದ ತುಂಡಿನ ಕಥೆಯೂ ಇದೇ. ಹರಿಯದಿರಲಿ ಎಂದು ಹಾಕುತ್ತಿದ್ದ ತೇಪೆ ಅದು; ಈಗ ಬೇರೆ ಬಣ್ಣದಲ್ಲಿ ಬರುತ್ತದೆ, ಎದ್ದು ಕಾಣಬೇಕಲ್ಲ. ಕೈಹೊಲಿಗೆಯ ಹಾಗೆ ತುಸು ಸೊಟ್ಟ ಕಾಣುವ ಹೊಲಿಗೆ ಹಾಕಲೆಂದೇ ಯಂತ್ರಗಳೂ ಇವೆ. ಸೊಟ್ಟವನ್ನು ಇಷ್ಟು ನೆಟ್ಟಗೆ ಹಾಕುವ ಸಾಮರ್ಥ್ಯ ಮನುಷ್ಯನಿಗೆ ಬಾರದು.

ಸೊಟ್ಟದ ಮಾತು ಬಂತು ನೋಡಿ, ಇಟಲಿಯ ನೇಪಲ್ಸನ್ನು ನೆನೆಯಲೇಬೇಕು. ಅಲ್ಲಿನ ಕುಶಲಿಗಳು ತೋಳನ್ನು ಕೈಯಲ್ಲೇ ಕೂಡಿಸುತ್ತಾರೆ. ಕಂಕುಳ ಸುತ್ತಿಗಿಂತ ತೋಳಿನ ಸುತ್ತು ದೊಡ್ಡದಿಟ್ಟು, ಹೆಚ್ಚಿನ ಬಟ್ಟೆಯನ್ನು ಭುಜದ ತುದಿಯಲ್ಲಿ ನಿರಿಗೆ ನಿರಿಗೆಯಾಗಿ ಅಡಗಿಸುತ್ತಾರೆ. ಕೈ ಆಡಿಸಲು ಸಲೀಸು. ಆ ನಿರಿಗೆ ಕಂಡರೆ ಪಂಡಿತರ ಕಣ್ಣು ತೇವವಾಗುತ್ತದೆ. ಅದೇ ನಿರಿಗೆಯನ್ನು ಹೆಸರಿಲ್ಲದ ಟೈಲರೊಬ್ಬರು ಕೊಟ್ಟರೆ? "ತೋಳು ಕೂಡಿಸಲು ಬಾರದವರು" ಎಂದು ಅಂಗಿ ವಾಪಸ್ಸು. ನಿರಿಗೆ ಒಂದೇ, ವಿಳಾಸ ಬೇರೆ.

ಇಷ್ಟೆಲ್ಲ ವಿದ್ಯೆ ಕೈಗೂಡಿದ ಮೇಲೆ ಹೊಲಿಯುವವರ ಆಯ್ಕೆ. ವಧೂವರಾನ್ವೇಷಣೆಯಲ್ಲೂ ಇಷ್ಟು ತನಿಖೆ ನಡೆಯುವುದಿಲ್ಲ. ಅಂಗಿ ಹೊಲಿಯುವವರಿಗೆ ಹೆಸರಾದ ಲಂಡನ್ನಿನ ಜರ್ಮಿನ್ ಸ್ಟ್ರೀಟಿನ ಚರಿತ್ರೆ ಬಾಯಿಪಾಠ, ಪ್ಯಾರಿಸ್ಸಿನ ಅಂಗಿ ಅಂಗಡಿ ಶಾರ್ವೆ 1838ರಲ್ಲಿ ಶುರುವಾಯಿತೆಂಬುದು ನಾಲಿಗೆಯ ತುದಿಯಲ್ಲಿ. ಅಸಲಿ ಬೆಸ್ಪೋಕ್ ಎಂದರೆ ಒಬ್ಬನಿಗಾಗಿಯೇ ಹೊಸದಾಗಿ ಕಾಗದದ ಮೇಲೆ ನಕ್ಷೆ ಬರೆದು ಕತ್ತರಿಸುವುದು. ಇರುವ ನಕ್ಷೆಯನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿದರೆ ಅದು ಬರೀ ಅಳತೆಯ ಅಂಗಿ ಎಂದು ಅವರು ಗಂಟೆಗಟ್ಟಲೆ ವಾದಿಸುತ್ತಾರೆ. 2008ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯ ಮುಂದೆ ಸೂಟಿನ ವಿಷಯದಲ್ಲಿ ಇದೇ ತಗಾದೆ ಬಂದಾಗ, ಎರಡನೆಯದನ್ನೂ ಬೆಸ್ಪೋಕ್ ಎಂದೇ ಮಾರಬಹುದು ಎಂದು ತೀರ್ಪಾಯಿತು. ಅಲ್ಲಿಗೆ ಎಲ್ಲರಿಗೂ ಮೋಕ್ಷ. ಈಗ ಎತ್ತರ, ತೂಕ, ವಯಸ್ಸು ಫೋನಿನಲ್ಲಿ ಒತ್ತಿದರೆ ಸಾಕು, "ನಿಮಗಾಗಿಯೇ" ಹೊಲಿದ ಅಂಗಿ ಮನೆಗೆ ಬರುತ್ತದೆ. ನಿಮ್ಮಷ್ಟೇ ಎತ್ತರ, ನಿಮ್ಮಷ್ಟೇ ತೂಕದ ಗೂನುಬೆನ್ನಿನವರಿಗೂ ಅದೇ ಬರುತ್ತದೆ.

ಪಂಡಿತರು ಫೋನನ್ನು ನಂಬುವುದಿಲ್ಲ, ಖುದ್ದು ಹೋಗುತ್ತಾರೆ. ಟೇಪು ಕುತ್ತಿಗೆಯಿಂದ ಇಳಿದದ್ದೇ ತಡ, ಅವರ ಎದೆ ಉಬ್ಬುತ್ತದೆ, ಹೊಟ್ಟೆ ಬೆನ್ನಿಗೆ ಅಂಟುತ್ತದೆ, ಉಸಿರು ನಿಲ್ಲುತ್ತದೆ. ಎರಡು ನಿಮಿಷ ಮಾತ್ರ ಭೂಮಿಯ ಮೇಲಿದ್ದು ಮರೆಯಾಗುವ ಆ ಸುಂದರ ಪುರುಷನ ಅಳತೆ ಪುಸ್ತಕಕ್ಕೆ ಏರುತ್ತದೆ. ಅಂಗಿ ಬಂದ ದಿನ ಹೊಟ್ಟೆಯ ಮೇಲಿನ ಗುಂಡಿ ಎಳೆದು ನಿಂತರೆ, ಕುಣಿಯಲಾರದವಳಿಗೆ ನೆಲ ಡೊಂಕು. ಬಲ್ಲ ಕಟಿಂಗ್ ಮಾಸ್ಟರು ಇದಕ್ಕೇ ಮಾತಿಗೆಳೆಯುತ್ತಾರೆ. ಉಸಿರು ಬಿಡಲಿ, ಭುಜ ಇಳಿಯಲಿ ಎಂದು ಕಾಯುತ್ತಾರೆ. ಗಡಿಯಾರ ಯಾವ ಕೈಗೆ ಕಟ್ಟುತ್ತೀರಿ ಎಂದು ಕೇಳಿ ಆ ಕಫ್ಫನ್ನು ತುಸು ಸಡಿಲ ಇಡುತ್ತಾರೆ. ಮೊದಲು ಒಂದೇ ಹೊಲಿದು ಕೊಟ್ಟು, "ಮೂರು ನಾಲ್ಕು ಸಲ ಒಗೆಸಿ, ತೊಟ್ಟುಕೊಂಡು ಬನ್ನಿ" ಎನ್ನುತ್ತಾರೆ. ಹತ್ತಿ ಕುಗ್ಗುತ್ತದೆ, ಕಾಲರ್ ಬಿರುಸಾಗಲು ಒಳಗೆ ಅಂಟಿಸುವ ಬಕ್ರಂ ಬಟ್ಟೆ ಕಳಪೆಯಾಗಿದ್ದರೆ ಕಾಲರಿನ ಮೇಲೆ ಗುಳ್ಳೆ ಏಳುವುದೂ ಒಗೆತದಲ್ಲೇ. ಉಳಿದವಕ್ಕೆ ಕತ್ತರಿ ಹಾಕುವುದು ಆಮೇಲೆ.

ಪಂಡಿತರಿಗೆ ಅಷ್ಟು ತಾಳ್ಮೆ ಎಲ್ಲಿ? "ಕಂಕುಳಲ್ಲಿ ಸಡಿಲ ಬಿಡಿ, ಕೈ ಎತ್ತಲು ಆರಾಮಾಗಲಿ" ಎಂದರು.

"ಸಡಿಲ ಬಿಟ್ಟರೆ ಕೈ ಎತ್ತಿದಾಗ ಇಡೀ ಅಂಗಿಯೇ ಮೇಲೆ ಬರುತ್ತೆ ಸಾರ್. ಹತ್ತಿರ ಕತ್ತರಿಸಿದರೇ ಆರಾಮ."

"ನಾನು ಹೇಳಿದ ಹಾಗೆ ಮಾಡಿ."

"ಮಾಡಲ್ಲ ಸಾರ್."

ಪಂಡಿತರು ಅಲ್ಲಿಂದ ಎದ್ದು ಬಂದು, ಆ ಮಾಸ್ಟರಿಗೆ ಗಿರಾಕಿಯ ಮರ್ಯಾದೆ ಗೊತ್ತಿಲ್ಲವೆಂದು ಊರೆಲ್ಲ ಸಾರಿದರು. ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಮತ್ತೊಬ್ಬರು ಸಿಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. 200ರ ಕೌಂಟು? ಹೂಂ. ಚಿಪ್ಪಿನ ಗುಂಡಿ? ಹೂಂ. ಬೇರೆ ಬಣ್ಣದ ತ್ರಿಕೋನ? ಅದಕ್ಕೂ ಹೂಂ. ಆರು ಅಂಗಿಗಳಿಗೆ ಒಟ್ಟಿಗೇ ಆರ್ಡರ್ ಹೋಯಿತು, ಹೆಸರಿನ ಮೊದಲಕ್ಷರದ ಕಸೂತಿ ಸಮೇತ. ಹಿಂದೆ ಒಗೆಯಲು ಹಾಕಿದ ಬಟ್ಟೆ ಅದಲು ಬದಲಾಗದಿರಲಿ ಎಂದು ಕಾಣದ ಕಡೆ ಹಾಕುತ್ತಿದ್ದ ಗುರುತು ಅದು. ಪಂಡಿತರು ಕಫ್ಫಿನ ಮೇಲೆ ಹಾಕಿಸಿದ್ದಾರೆ. ಆದರೆ ಕೋಟು ತೊಟ್ಟರೆ ಅಕ್ಷರ ಪೂರ್ತಿ ಮುಚ್ಚಿಹೋಗುತ್ತದೆ. ಆದ್ದರಿಂದ ಈಗ ಕೋಟಿನ ತೋಳುಗಳನ್ನು ಮೋಟು ಮಾಡಿಕೊಡುವ ಒಳ್ಳೆಯ ಟೈಲರನ್ನು ಹುಡುಕುತ್ತಿದ್ದಾರೆ.