ಮೊನೆ ಕಳಚಿ ಬಂದರೆ ನಕಲಿ ಅಂತಲ್ಲ

ಹಳೆಯ ಜರ್ಮನ್ ರಾಜ್ಯ ಪ್ರಷ್ಯಾದ ಸೈನಿಕರ ಮೊನೆಯ ಹೆಲ್ಮೆಟ್, ಅಂದರೆ ಪಿಕೆಲ್‌ಹೌಬೆ ಕೊಳ್ಳುವವರಿಗೆ ಒಂದು ಸಲಹೆ ಹರಿದಾಡುತ್ತಿದೆ: "ಮೊನೆ ಕಳಚಿ ಬಂದರೆ, ಅಥವಾ ಮೊನೆ ಬದಲು ಚೆಂಡಿನಂಥ ಗುಂಡು ಇದ್ದರೆ ಅದು ನಕಲಿ." ಎರಡೂ ತಪ್ಪು.

1915ರ ಮಾದರಿಯಲ್ಲಿ ಮೊನೆಯನ್ನು ತಿರುಗಿಸಿ ತೆಗೆಯುವಂತೆಯೇ ಮಾಡಿದ್ದರು. ಕಂದಕದಲ್ಲಿ ಕೂತವನ ತಲೆ ಮೇಲೆ ಅದು ಎದ್ದು ಕಾಣಬಾರದಲ್ವಾ? ಹಿತ್ತಾಳೆ ಬದಲು ಬೂದು ಬಣ್ಣದ ಉಕ್ಕು ಬಂದಿದ್ದೂ ಆ ಮಾದರಿಯಲ್ಲೇ. ಇನ್ನು ಗುಂಡು, ಅದು ಫಿರಂಗಿ ದಳದ ಗುರುತು. 1840ರ ದಶಕದಿಂದಲೂ ಇತ್ತು.

ಸುಮ್ನೆ ಮೊನೆ ತಿರುಗಿಸುವುದಕ್ಕಿಂತ ಕಿವಿ ಹತ್ತಿರದ ಬಿಲ್ಲೆ ನೋಡಿ. ಬಲಗಡೆಯ ಕಪ್ಪು-ಬಿಳಿ-ಕೆಂಪು ಬಿಲ್ಲೆ ಬಂದದ್ದು 1897ರಲ್ಲಿ. "1871ರ ಫ್ರಾನ್ಸ್ ವಿರುದ್ಧದ ಯುದ್ಧದಿಂದ ಹಾಗೇ ಉಳಿದದ್ದು" ಎಂದು ಮಾರುವ ಹೆಲ್ಮೆಟ್‌ನಲ್ಲಿ ಅದಿದ್ದರೆ, ಆ "ಹಾಗೇ" ಅನ್ನುವ ಮಾತನ್ನು ನಂಬಬೇಡಿ.