ರಾಷ್ಟ್ರಗೀತೆಗೆ ನಿಂತಾಗ ಪಕ್ಕದವರನ್ನು ಯಾಕೆ ನೋಡ್ತೀರಿ?

ಆಟದ ಮೈದಾನದಲ್ಲಿ ರಾಷ್ಟ್ರಗೀತೆ ಬಂದಾಗ ಎದ್ದು ನಿಲ್ಲಬೇಕಾ, ಬೇಡ್ವಾ? ಈ ಜಗಳ ಆಗಾಗ ಏಳುತ್ತಲೇ ಇರುತ್ತದೆ. ನನ್ನ ಮಟ್ಟಿಗೆ ಇದರಲ್ಲಿ ಜಗಳಕ್ಕೆ ಏನೂ ಇಲ್ಲ. ನಿಲ್ಲಬೇಕು. ನೆಟ್ಟಗೆ ನಿಲ್ಲಬೇಕು, ಬಾಯಿ ಬಿಟ್ಟು ಹಾಡಬೇಕು. ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಯಾರು ನಿಂತರು, ಯಾರು ನಿಲ್ಲಲಿಲ್ಲ ಎಂದು ಕಣ್ಣಿಟ್ಟು ಕಾಯುವ ಮಂದಿ ಈಗ ಜಾಸ್ತಿ ಆಗಿದ್ದಾರೆ. ಆ ಹಾಡನ್ನು ಮರ್ಯಾದೆಯಿಂದ ಹಾಡಿಸುವವರು ಕಡಿಮೆ ಆಗಿದ್ದಾರೆ.

ಈ ಸಲ ಜಾತ್ರೆಗೆ ಬಾಗಲಕೋಟೆ ಹತ್ತಿರದ ಒಂದು ಊರಲ್ಲಿ ಹೊನಲು ಬೆಳಕಿನ ಕಬಡ್ಡಿ ಇತ್ತು. ಏಳು ಗಂಟೆಗೆ ಉದ್ಘಾಟನೆ ಎಂದು ಫ್ಲೆಕ್ಸ್‌ನಲ್ಲಿ ಹಾಕಿದ್ದರು. ಗಣ್ಯರು ಬಂದಿದ್ದು ಒಂಬತ್ತು ದಾಟಿದ ಮೇಲೆ. ಅಲ್ಲಿವರೆಗೆ ಪಾಪ, ಆಟಗಾರರು ಮೈ ಬೆಚ್ಚಗೆ ಮಾಡಿಕೊಳ್ಳುವುದು, ತಣ್ಣಗಾಗುವುದು, ಮತ್ತೆ ಬೆಚ್ಚಗೆ ಮಾಡಿಕೊಳ್ಳುವುದು. ಕೊನೆಗೆ ಎರಡೂ ತಂಡ ಸಾಲಾಗಿ ನಿಂತವು. ಕಮಿಟಿಯ ಹುಡುಗನೊಬ್ಬ ತನ್ನ ಮೊಬೈಲನ್ನು ಡಾಲ್ಬಿಗೆ ಸಿಕ್ಕಿಸಿ ಯೂಟ್ಯೂಬ್‌ನಲ್ಲಿ ರಾಷ್ಟ್ರಗೀತೆ ಹಚ್ಚಿದ. ಮೊದಲು ಬಂದಿದ್ದು ಸಾಲ ಕೊಡುವ ಆ್ಯಪ್ ಒಂದರ ಜಾಹೀರಾತು. ಜನ ನಕ್ಕರು. ಆಮೇಲೆ ಹಾಡು ಶುರುವಾಯಿತು. ಅದೂ ಕೊಳಲು, ಆಲಾಪ ಎಲ್ಲ ಸೇರಿಸಿ ಎಳೆದದ್ದು, ಯಾರಿಗೂ ಜೊತೆಗೆ ಹಾಡಲು ಬರದ ಧಾಟಿ. ಅರ್ಧಕ್ಕೆ ಆ ಹುಡುಗನ ಮೊಬೈಲಿಗೆ ಫೋನ್ ಬಂತು. ರಿಂಗ್‌ಟೋನ್ ಇಡೀ ಊರಿಗೆ ಕೇಳಿಸಿತು.

ವೇದಿಕೆ ಮೇಲಿದ್ದವರು ಮುಗಿಯಿತು ಎಂದುಕೊಂಡು ಕುಳಿತೇಬಿಟ್ಟರು. ಇಷ್ಟರ ನಡುವೆ ನನ್ನ ಹಿಂದೆ ಒಬ್ಬ ಯುವಕ, ಬುಟ್ಟಿ ಹೊತ್ತು ನಡೆದು ಹೋಗುತ್ತಿದ್ದ ಶೇಂಗಾ ಮಾರುವವನಿಗೆ "ಏ, ನಿಂದ್ರೋ, ದೇಶದ ಮ್ಯಾಲೆ ಮರ್ಯಾದಿ ಇಲ್ಲೇನು?" ಎಂದು ಜೋರು ಮಾಡುತ್ತಿದ್ದ. ಜೋರು ಮಾಡುತ್ತಿದ್ದವನ ಕೈ ಮೇಲಿತ್ತು. ಅವನು ಸೆಲ್ಫಿ ವಿಡಿಯೋ ಮಾಡುತ್ತಿದ್ದ.

ಆ ರಾತ್ರಿ ಮರ್ಯಾದೆ ಉಳಿಸಿದ್ದು ಅಂಪೈರ್ ಆಗಿ ಬಂದಿದ್ದ ಒಬ್ಬ ಪಿ.ಟಿ. ಮಾಸ್ತರು. ಡಾಲ್ಬಿ ಬಂದ್ ಮಾಡಿಸಿ, ಉದ್ದಕ್ಕೆ ಒಂದು ಸೀಟಿ ಊದಿ, ಮೈಕ್ ಇಲ್ಲದೆ "ಸಾವಧಾನ್!" ಎಂದರು. ನಂಬಿ, ಇಡೀ ಮೈದಾನ ಒಂದೇ ಏಟಿಗೆ ಎದ್ದು ನಿಂತಿತು. ಶಾಲೆ ಬಿಟ್ಟು ಮೂವತ್ತು ನಲವತ್ತು ವರ್ಷ ಆದವರ ಹಿಮ್ಮಡಿಯೂ ತಾನಾಗಿ ಕೂಡಿತು. "ರಾಷ್ಟ್ರಗೀತ್ ಏಕ್ ಸಾಥ್ ಶುರು ಕರ್" ಎಂದರು. ಹಾಡಿದೆವು. ಶ್ರುತಿ ಒಂದೊಂದು ಕಡೆ ಒಂದೊಂದು ಥರ. ಆದರೆ ಎಲ್ಲರೂ ಹಾಡಿದೆವು. ಶೇಂಗಾ ಮಾರುವವನೂ ಬುಟ್ಟಿ ಕೆಳಗಿಟ್ಟು ಹಾಡಿದ.

ಪೂರ್ತಿ ರಾಷ್ಟ್ರಗೀತೆಗೆ ಹಿಡಿಯುವುದು ಸುಮಾರು 52 ಸೆಕೆಂಡು. ಇದನ್ನು ನಮ್ಮ ಗೃಹ ಸಚಿವಾಲಯದ ಆದೇಶವೇ ಹೇಳುತ್ತದೆ. ಬ್ಯಾಂಡ್ ನುಡಿಸುವುದಾದರೆ ಮೊದಲು ನಿಧಾನ ನಡಿಗೆಯ 7 ಹೆಜ್ಜೆಯಷ್ಟು ಹೊತ್ತು ಡ್ರಮ್ ಬಾರಿಸಬೇಕು ಎಂದೂ ಅದರಲ್ಲಿದೆ. ಯಾಕೆ ಗೊತ್ತಾ? ಈಗ ರಾಷ್ಟ್ರಗೀತೆ ಬರುತ್ತದೆ ಎಂದು ಜನರಿಗೆ ತಿಳಿಯಲಿ, ಸರಿಯಾಗಿ ನಿಂತುಕೊಳ್ಳಲು ಸಮಯ ಸಿಗಲಿ ಎಂದು. ಅಂದರೆ ಜನರನ್ನು ತಯಾರು ಮಾಡುವ ಜವಾಬ್ದಾರಿ ಕಾರ್ಯಕ್ರಮ ನಡೆಸುವವರದು. ನಮ್ಮ ಕಡೆ ಆ ಜವಾಬ್ದಾರಿ ಯಾರೂ ಹೊರುವುದಿಲ್ಲ, ತಪ್ಪು ಮಾತ್ರ ಶೇಂಗಾ ಮಾರುವವನ ತಲೆಗೆ.

ಕಾನೂನಿನ ಮಾತು ಬಂದಾಗಲೂ ಹೀಗೇ. ರಾಷ್ಟ್ರದ ಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆ ಶಿಕ್ಷೆ ಹೇಳುವುದು ರಾಷ್ಟ್ರಗೀತೆ ಹಾಡುವುದನ್ನು ಬೇಕೆಂದೇ ತಡೆಯುವವರಿಗೆ, ಹಾಡುತ್ತಿರುವ ಸಭೆಗೆ ಅಡ್ಡಿ ಮಾಡುವವರಿಗೆ. 3 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. 1986ರಲ್ಲಿ ಕೇರಳದ ಮೂವರು ಶಾಲಾ ಮಕ್ಕಳ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅವರ ಧರ್ಮದ ನಂಬಿಕೆಯಂತೆ ಅವರು ಹಾಡುತ್ತಿರಲಿಲ್ಲ, ಆದರೆ ಮರ್ಯಾದೆಯಿಂದ ಎದ್ದು ನಿಲ್ಲುತ್ತಿದ್ದರು. ಶಾಲೆಯಿಂದ ತೆಗೆದುಹಾಕಿದ್ದು ತಪ್ಪು ಎಂದು ಕೋರ್ಟ್ ಹೇಳಿತು. ಸಿನಿಮಾ ಮಂದಿರದಲ್ಲಿ ರಾಷ್ಟ್ರಗೀತೆ ಹಾಕಲೇಬೇಕು ಎಂಬ ಸುಪ್ರೀಂ ಕೋರ್ಟಿನ ಆದೇಶ 2016ರಲ್ಲಿ ಬಂತು, 2018ರ ಜನವರಿಯಲ್ಲಿ ಅದನ್ನು ಐಚ್ಛಿಕ ಮಾಡಿದರು. ಪಕ್ಕದವನ ಕೊರಳಪಟ್ಟಿ ಹಿಡಿಯಿರಿ ಎಂದು ಯಾವ ಕಾನೂನೂ ನಮಗೆ ಹೇಳಿಲ್ಲ. ಅಡ್ಡಿ ಮಾಡಬಾರದು ಎಂದು ಹೇಳಿದೆ. ಹಾಡಿನ ನಡುವೆ ಕೂಗಾಡುವುದು ಅಡ್ಡಿಯಲ್ಲದೆ ಮತ್ತೇನು?

ಬಾವುಟದ ವಿಷಯಕ್ಕೆ ಬಂದರೆ ನನಗೆ ಇನ್ನೂ ಜಾಸ್ತಿ ನೋವಾಗುತ್ತದೆ. ಯಾಕೆಂದರೆ ಅದು ನಮ್ಮ ಬಾಗಲಕೋಟೆ ಜಿಲ್ಲೆಯ ಕೈಕೆಲಸ. ತುಳಸಿಗೇರಿಯಲ್ಲಿ ಮಗ್ಗದ ಮೇಲೆ ನೇಯ್ದ ಖಾದಿ ಬಟ್ಟೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗುತ್ತದೆ. ಅಲ್ಲಿ ಅಳತೆಗೆ ಕತ್ತರಿಸಿ, ಚಕ್ರ ಅಚ್ಚು ಹಾಕಿ, ಹೊಲಿದು ದೇಶಕ್ಕೆಲ್ಲ ಕಳಿಸುತ್ತಾರೆ. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಎಳೆ ಒಂದು ಹೆಚ್ಚುಕಡಿಮೆ ಆದರೂ ಆ ಬಟ್ಟೆ ಬಾವುಟಕ್ಕೆ ಬರುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ಬದಲಾಗಿ ಮಷೀನಿನ ಪಾಲಿಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಆಮೇಲೆ ಈ ಮಗ್ಗದವರ ಕೆಲಸಕ್ಕೆ ಪೆಟ್ಟು ಬಿತ್ತು. ದೇಶಭಕ್ತಿ ಎಂದು ಎದೆ ತಟ್ಟಿಕೊಳ್ಳುವ ಎಷ್ಟು ಕ್ರೀಡಾ ಸಂಘಗಳು ತುಳಸಿಗೇರಿ ಬಟ್ಟೆಯ ಒಂದು ಬಾವುಟ ಕೊಂಡಿವೆ? ನನಗೆ ಅನುಮಾನ ಇದೆ.

ಪಂದ್ಯ ಮುಗಿದ ಮೇಲೆ ಮೈದಾನ ನೋಡಿ. ಕಾಗದದ ಬಾವುಟಗಳು ಕುರುಕುರೆ ಪ್ಯಾಕೆಟ್ ಜೊತೆ ಬಿದ್ದಿರುತ್ತವೆ. ಆಟೋಟದಲ್ಲಿ ಕಾಗದದ ಬಾವುಟ ಬೀಸಬಹುದು, ಆದರೆ ಮುಗಿದ ಮೇಲೆ ನೆಲಕ್ಕೆ ಎಸೆಯಬಾರದು ಎಂದು ಸಂಹಿತೆ ಸ್ಪಷ್ಟವಾಗಿ ಹೇಳಿದೆ. ಬಾವುಟದ ಮೇಲೆ ಏನನ್ನೂ ಬರೆಯಬಾರದು. ಸೊಂಟದ ಕೆಳಗೆ ಸುತ್ತಿಕೊಳ್ಳಬಾರದು. ಬಿಳಿ ಪಟ್ಟಿಯ ಮೇಲೆ ತಮ್ಮ ಬಳಗದ ಹೆಸರು ಬರೆದು ಬೀಸುವವರನ್ನು ನಾವು ದೇಶಭಕ್ತರು ಎಂದು ಕರೆಯುತ್ತೇವೆ. ನನಗೆ ಅದು ಸುಮ್ನೆ ಪ್ರಚಾರ ಎನಿಸುತ್ತದೆ.

ಅದೇ ಕಬಡ್ಡಿಯಲ್ಲಿ ಹೆಣ್ಣುಮಕ್ಕಳ ಒಂದು ಪ್ರದರ್ಶನ ಪಂದ್ಯವೂ ಇತ್ತು. ರಾಷ್ಟ್ರಗೀತೆ ಆಗಿ ಹತ್ತು ನಿಮಿಷ ಆಗಿರಲಿಲ್ಲ, ಸಿಳ್ಳೆ ಶುರುವಾಯಿತು. ಅವರ ಚಡ್ಡಿಯ ಬಗ್ಗೆ ಮಾತು. ಒಬ್ಬಳು ರೈಡ್ ಹೋಗಿ ಇಬ್ಬರನ್ನು ಔಟ್ ಮಾಡಿ ಬಂದಳು, ಅದಕ್ಕೆ ಚಪ್ಪಾಳೆ ಹೊಡೆದವರು ಬೆರಳೆಣಿಕೆಯಷ್ಟು. ಅವರಿಗೆ ಬಟ್ಟೆ ಬದಲಿಸಲು ಒಂದು ಕೋಣೆ ಕೂಡ ಇರಲಿಲ್ಲ, ಟೆಂಪೋ ಸುತ್ತ ಸೀರೆ ಕಟ್ಟಿಕೊಂಡಿದ್ದರು. ನಮ್ಮ ಪಕ್ಕದ ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ಕಿತ್ತಾಗ ಇವರೇ ಸ್ಟೇಟಸ್ ಹಾಕಿಕೊಂಡಿರುತ್ತಾರೆ. ನನ್ನ ಲೆಕ್ಕದಲ್ಲಿ ದೇಶಭಕ್ತಿಯನ್ನು ನೋಡಬೇಕಾದದ್ದು 53ನೇ ಸೆಕೆಂಡಿನಿಂದ. 52 ಸೆಕೆಂಡು ಯಾರು ಬೇಕಾದರೂ ನಿಂತಾರು.

ಆ ಹಾಡು ನಮಗೆ ಸುಲಭವಾಗಿ ಬಂದಿಲ್ಲ. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನ್ ಓಡಿ 19ನೆಯವರಾಗಿ ಬಂದರು. ಆಗ ನಾವಿನ್ನೂ ಬ್ರಿಟಿಷರ ಕೈಕೆಳಗೆ. ಓಡಿದ್ದು ನಮ್ಮ ಬೆಳಗಾವಿಯ ಕಾಲು, ಹಾರುತ್ತಿದ್ದದ್ದು ಅವರ ಬಾವುಟ. 1964ರಲ್ಲಿ ಟೋಕಿಯೊದಲ್ಲಿ ನಮ್ಮ ಹಾಕಿ ತಂಡ ಪಾಕಿಸ್ತಾನವನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದಾಗ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರಿದ್ದರು. ಗೋಲು ಕಾದ ಶಂಕರ್ ಲಕ್ಷ್ಮಣ್ ಮರಾಠಾ ಲೈಟ್ ಇನ್‌ಫೆಂಟ್ರಿಯ ಸೈನಿಕ. ಆ ರೆಜಿಮೆಂಟಿನ ಕೇಂದ್ರ ಬೆಳಗಾವಿಯಲ್ಲೇ ಇದೆ. 1980ರ ಮಾಸ್ಕೋ ಹಾಕಿ ಚಿನ್ನದ ನಂತರ ಒಲಿಂಪಿಕ್ಸ್ ವೇದಿಕೆಯಲ್ಲಿ ನಮ್ಮ ರಾಷ್ಟ್ರಗೀತೆ ಮತ್ತೆ ಕೇಳಿಸಿದ್ದು 2008ರಲ್ಲಿ, ಶೂಟಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಾಗ. ನಡುವೆ 28 ವರ್ಷ. ಆಮೇಲೆ 2021ರಲ್ಲಿ ಈಟಿ ಎಸೆತದಲ್ಲಿ ನೀರಜ್ ಚೋಪ್ರಾ. ಅಲ್ಲಿ ಒಂದು ಸಲ ಈ ಹಾಡು ಕೇಳಿಸಲು ಒಂದು ತಲೆಮಾರು ಬೆವರು ಸುರಿಸಬೇಕು. ನಾವು ಇಲ್ಲಿ ಅದನ್ನು ಜಾಹೀರಾತಿನ ಹಿಂದೆ ಹಚ್ಚುತ್ತೇವೆ.

ಎದುರಾಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ದೇಶಭಕ್ತಿ ಎಂದರೆ ಎದುರಿನವರನ್ನು ಬಯ್ಯುವುದು ಎಂದು ನಮ್ಮ ಹುಡುಗರು ತಿಳಿದಿದ್ದಾರೆ. 1999ರ ಜನವರಿಯಲ್ಲಿ ಚೆನ್ನೈ ಟೆಸ್ಟ್‌ನಲ್ಲಿ ಪಾಕಿಸ್ತಾನ 12 ರನ್‌ನಿಂದ ಗೆದ್ದಿತು. ಸಚಿನ್ ಬೆನ್ನು ನೋವಿನಲ್ಲೇ 136 ಹೊಡೆದೂ ಸೋತಿದ್ದೆವು. ಹೊಟ್ಟೆ ಉರಿಯುವಂಥ ಸೋಲು. ಆದರೂ ಚೆಪಾಕ್ ಮೈದಾನದ ಜನ ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ಹೊಡೆದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ ಈಟಿಯನ್ನು 92.97 ಮೀಟರ್ ಎಸೆದು ಚಿನ್ನ ಗೆದ್ದರು, ನೀರಜ್‌ಗೆ ಬೆಳ್ಳಿ. ಅವನೂ ನಮ್ಮ ಮಗನೇ ಎಂದು ನೀರಜ್ ತಾಯಿ ಹೇಳಿದರು. ಆ ತಾಯಿಯ ದೇಶಭಕ್ತಿ ಕಡಿಮೆ ಎಂದು ಹೇಳುವ ಧೈರ್ಯ ನನಗಂತೂ ಇಲ್ಲ.

ಈ ವರ್ಷ ಟೂರ್ನಮೆಂಟ್ ಇಟ್ಟುಕೊಂಡಿರುವ ಕಮಿಟಿಯವರಲ್ಲಿ ಕೈಮುಗಿದು ಕೇಳುತ್ತೇನೆ. ರಾಷ್ಟ್ರಗೀತೆ ಹೊತ್ತಿಗೆ ಡಾಲ್ಬಿ ಬಂದ್ ಮಾಡಿ. ನಿಮ್ಮೂರ ಶಾಲೆಯ ನಾಲ್ಕು ಮಕ್ಕಳನ್ನು ಮುಂದೆ ನಿಲ್ಲಿಸಿ ಹಾಡಿಸಿ, ಜನ ತಾವೇ ದನಿ ಕೂಡಿಸುತ್ತಾರೆ. ಒಂದು ನಿಮಿಷ ಮುಂಚೆ ಮೈಕ್‌ನಲ್ಲಿ ಹೇಳಿ, ಶೇಂಗಾದವನು, ಚಹಾದವನು ಎಲ್ಲರೂ ನಿಂತುಕೊಳ್ಳಲಿ. ಬಾಗಿಲ ಹತ್ತಿರ ಒಂದು ಡಬ್ಬಿ ಇಟ್ಟು ಕಾಗದದ ಬಾವುಟ ವಾಪಸ್ ತೆಗೆದುಕೊಳ್ಳಿ. ಹೆಣ್ಣುಮಕ್ಕಳ ತಂಡಕ್ಕೆ ಒಂದು ಕೋಣೆ ಕೊಡಿ. ಫ್ಲೆಕ್ಸ್‌ನಲ್ಲಿ ಏಳು ಗಂಟೆ ಎಂದಿದ್ದರೆ ಏಳಕ್ಕೇ ರಾಷ್ಟ್ರಗೀತೆ ಆಗಲಿ. ಗಣ್ಯರು ತಡವಾಗಿ ಬಂದರೆ ಬರಲಿ, ಖಾಲಿ ಕುರ್ಚಿ ಇದ್ದಲ್ಲಿ ಕುಳಿತು ಕಬಡ್ಡಿ ನೋಡಲಿ.