ದ್ರಾಕ್ಷಿ ಬಿಟ್ಟು ಮಿಕ್ಕಿದ್ದೆಲ್ಲಾ ಇದೆ

"ಪೆಟ್ರೋಲ್ ವಾಸನೆ ಬಂತಾ ಸಾರ್?" ನಂದಿ ಬೆಟ್ಟದ ಕಡೆಯ ವೈನರಿಯಲ್ಲಿ ವೈನ್ ರುಚಿ ತೋರಿಸುತ್ತಿದ್ದ ಹುಡುಗ ಹೀಗೆ ಹೆಮ್ಮೆಯಿಂದ ಕೇಳಿದಾಗ ನನ್ನ ತಾಳ್ಮೆ ಮುಗಿಯಿತು. ರೀಸ್ಲಿಂಗ್ ಅನ್ನೋ ವೈಟ್ ವೈನ್ ಹಳೆಯದಾದರೆ ಹಾಗೇ ಬರುತ್ತದಂತೆ. ಅದಕ್ಕೆ ಬಂಕ್‌ಗೇ ಹೋಗುತ್ತಿರಲಿಲ್ಲವೇ ನಾನು?

ಯಾವ ವೈಟ್ ವೈನ್ ಟೇಸ್ಟಿಂಗ್‌ಗೆ ಹೋದರೂ ಇದೇ ಗೋಳು. ಗ್ಲಾಸಿನ ತಳಕ್ಕೆ ಎರಡು ಚಮಚ ಸುರಿಯುತ್ತಾರೆ. ಸುಮ್ನೆ ಕುಡಿಯೋ ಹಾಗಿಲ್ಲ. ಗಿರಗಿರ ತಿರುಗಿಸಬೇಕು, ಮೂಗು ತೂರಿಸಬೇಕು, ಬಾಯಲ್ಲಿಟ್ಟು ಸೊರಸೊರ ಗಾಳಿ ಎಳೆಯಬೇಕು. ಮನೆಯಲ್ಲಿ ಕಾಫಿಯನ್ನು ಹೀಗೆ ಕುಡಿದರೆ ಅಮ್ಮ ಬಿಡುತ್ತಾರಾ? ಆಮೇಲೆ ಬಕೆಟ್‌ಗೆ ಉಗಿಯಬೇಕಂತೆ. ದುಡ್ಡು ಕೊಟ್ಟು ಉಗಿಯೋದಾ!

ಒಂದೊಂದು ವೈನ್‌ನಲ್ಲಿ ಒಂದೊಂದು ವಾಸನೆಯಂತೆ. ಸೊವಿನ್ಯೋ ಬ್ಲಾಂಕ್‌ನಲ್ಲಿ ದೊಣ್ಣೆಮೆಣಸಿನಕಾಯಿ, ಆಗಷ್ಟೇ ಕತ್ತರಿಸಿದ ಹುಲ್ಲು. ಶಾರ್ಡನೆಯಲ್ಲಿ ಬೆಣ್ಣೆ, ಓಕ್ ಪೀಪಾಯಿಯ ವೆನಿಲ್ಲಾ. ಶೆನಿನ್ ಬ್ಲಾಂಕ್‌ನಲ್ಲಿ ಜೇನು ಮತ್ತು ಒದ್ದೆ ಉಣ್ಣೆ. ಹೌದು, ಒದ್ದೆ ಉಣ್ಣೆ! ನನ್ನ ನಾಲಿಗೆಗೆ ಗೊತ್ತಾಗಿದ್ದು ಹುಳಿ, ಜಾಸ್ತಿ ಹುಳಿ, ಸ್ವಲ್ಪ ಸಿಹಿ. ಅದೂ ಫ್ರಿಜ್‌ನಿಂದ ತೆಗೆದ ತಕ್ಷಣ ಕೊಟ್ಟರೆ ಹಲ್ಲು ಜುಮ್ಮೆನ್ನುವುದು ಬಿಟ್ಟು ಬೇರೇನು ತಿಳಿಯುತ್ತದೆ? "ದ್ರಾಕ್ಷಿ ವಾಸನೆ ಬಂತು" ಅಂದೆ. ಪಕ್ಕದವರು ಅಯ್ಯೋ ಪಾಪ ಅನ್ನೋ ಹಾಗೆ ನೋಡಿದರು.

ಅಲ್ಲಾ ಸ್ವಾಮಿ, ನೀವೆಲ್ಲಾ ಒದ್ದೆ ಉಣ್ಣೆಯನ್ನು ಯಾವಾಗ ನೆಕ್ಕಿ ನೋಡಿದಿರಿ?